ಶುಗರ್, ಬಿಪಿ, ನಿದ್ದೆ ಗುಳಿಗೆ ತಗೊಳ್ಳೋ 71ರ ಅಪ್ಪಾಜಿ ಕಾರು ಓಡಿಸಬಹುದಾ?

ಕೊಪ್ಪಳದ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಾನಿರೋದು ಕೊಪ್ಪಳದಲ್ಲಿ, ತವರುಮನೆ ಕಾರಟಗಿ ಹತ್ತಿರದ ಹಳ್ಳಿ. ಅಪ್ಪಾಜಿಗೆ ಈಗ 71. ಭತ್ತದ ಗದ್ದೆ ಇನ್ನೂ ಅವರೇ ನೋಡ್ಕೋತಾರೆ. ಹೊಲಕ್ಕೆ ಹೋಗಿಬರೋಕೆ ಟಿವಿಎಸ್ ಎಕ್ಸೆಲ್. ಅವ್ವನ್ನ ಗಂಗಾವತಿ ದವಾಖಾನೆಗೆ ಕರಕೊಂಡು ಹೋಗೋಕೆ, ಸಿಂಧನೂರಿಂದ ಗೊಬ್ಬರ ತರೋಕೆ ಒಂದು ಹಳೇ ವ್ಯಾಗನಾರ್. ಗಾಡಿ ವಿಷಯದಲ್ಲಿ ಬಹಳ ಶಿಸ್ತಿನ ಮನುಷ್ಯ. ಕುಡಿಯೋದಿಲ್ಲ, ಲಾರಿ ಹಿಂದೆ ಸಿಕ್ಕರೆ ಹಾರ್ನ್ ಒತ್ತಿ ನುಗ್ಗೋದಿಲ್ಲ, ಇಲ್ಲಿವರೆಗೆ ಯಾರಿಗೂ ಒಂದು ಗೀರು ತಾಗಿಸಿದವರಲ್ಲ.

ಈ ಶ್ರಾವಣದಲ್ಲಿ ಎರಡು ಘಟನೆ ಆದವು. ಬೆಳಗ್ಗೆ ಏಳೂವರೆ ಸುಮಾರಿಗೆ ಅವ್ವನ್ನ ಕೂರಿಸಿಕೊಂಡು ಗಂಗಾವತಿಗೆ ಹೊರಟಿದ್ದಾರೆ. ರಸ್ತೆ ನೇರ, ಎದುರಿಗೆ ಗಾಡಿ ಇಲ್ಲ. ಕಾರು ತಾನಾಗೇ ಎಡಕ್ಕೆ ಸರೀತಾ ಸರೀತಾ ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿದಿದೆ. ಅವ್ವ ಕೂಗಿದ ಮೇಲೇ ಸ್ಟೇರಿಂಗ್ ತಿರುಗಿಸಿದ್ದು. "ನಾನೇನು ಮಲಗಿರಲಿಲ್ಲ, ಎಚ್ಚರಾನೇ ಇದ್ದೆ" ಅಂತಾರೆ ಅಪ್ಪಾಜಿ. ಅವ್ವನೂ ಅದನ್ನೇ ಹೇಳ್ತಾಳೆ, ಕಣ್ಣು ತೆರೆದೇ ಇದ್ದವು, ಆದರೆ ಮುಂದೆ ನೋಡ್ತಿರಲಿಲ್ಲ ಅಂತ.

ಇನ್ನೊಂದು ಆಗಿದ್ದು ಸೋಮವಾರ. ಉಪವಾಸ ಇದ್ದರು. ಮಧ್ಯಾಹ್ನ ಕಾಲುವೆ ಏರಿ ಮೇಲೆ ಎಕ್ಸೆಲ್‌ನಲ್ಲಿ ಬರ್ತಿದ್ದವರು ಗಾಡಿ ನಿಲ್ಲಿಸಿ ಹ್ಯಾಂಡಲ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದಾರೆ. ಪಕ್ಕದ ಗದ್ದೆ ಹುಡುಗ ಮಾತಾಡಿಸಿದರೆ ಹೇಳೋದಕ್ಕೊಂದು ತಾಳಕ್ಕೊಂದು. ಅಂಗಿ ಬೆನ್ನಿಗೆ ಅಂಟಿಕೊಳ್ಳೋಷ್ಟು ಬೆವರು. ಅವನು ಕೂರಿಸಿ ಸಕ್ಕರೆ ಹೆಚ್ಚು ಹಾಕಿದ ಚಹಾ ಕುಡಿಸಿದ ಮೇಲೆ ಸರಿಹೋದರು. ಎಡದಂಡೆ ಕಾಲುವೆ ಆಗ ತುಂಬಿ ಹರೀತಿತ್ತು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ.

ಡಬ್ಬಿಯಲ್ಲಿರೋ ಸ್ಟ್ರಿಪ್ ನೋಡಿ ಬರೀತಿದೀನಿ. ಶುಗರ್‌ಗೆ ಗ್ಲಿಮೆಪಿರೈಡ್ 2 ಎಂಜಿ, ಮೆಟ್‌ಫಾರ್ಮಿನ್ 500 ಸೇರಿರೋ ಗುಳಿಗೆ ಬೆಳಗ್ಗೆ ಒಂದು, ರಾತ್ರಿ ಒಂದು. ಬಿಪಿಗೆ ಟೆಲ್ಮಿಸಾರ್ಟನ್, ಅಮ್ಲೋಡಿಪಿನ್, ಜೊತೆಗೆ ಅಟೆನೊಲಾಲ್ 25. ಮೂತ್ರದ ತೊಂದರೆಗೆ ಬಳ್ಳಾರಿಯ ಡಾಕ್ಟ್ರು ಬರೆದ ಟ್ಯಾಮ್ಸುಲೋಸಿನ್ ರಾತ್ರಿ. ಅಂಗಾಲು ಉರಿಗೆ ಪ್ರಿಗ್ಯಾಬಲಿನ್, ಅದನ್ನ ಬೇರೆ ಡಾಕ್ಟ್ರು ಇತ್ತೀಚೆಗೆ 75ರಿಂದ 150 ಮಾಡಿದ್ದಾರೆ. ನಿದ್ದೆಗೆ ಕ್ಲೋನಾಜೆಪಾಮ್ 0.5, ಮಲಗೋ ಮುಂಚೆ. ಮೂಗು ಸೋರಿದರೆ ಊರಿನ ಕಿರಾಣಿ ಅಂಗಡೀಲಿ ಸಿಗೋ ನೆಗಡಿ ಗುಳಿಗೆ.

ಅಣ್ಣ ಬೆಂಗಳೂರಿಂದ ಫೋನಲ್ಲೇ "ಕೀಲಿ ಇಸಕೊಂಡು ಗಾಡಿ ಮಾರಿಬಿಡು" ಅಂದ. ಗಾಡಿ ಇಲ್ಲದಿದ್ದರೆ ಗದ್ದೆಗೆ ಹೋಗೋದು ನಿಲ್ಲುತ್ತೆ, ಗದ್ದೆಗೆ ಹೋಗೋದು ನಿಂತರೆ ಅಪ್ಪಾಜಿ ಮಂಚ ಹಿಡೀತಾರೆ ಅನ್ನೋ ಭಯ ನನಗೆ. ಇದು ಗುಳಿಗೆಗಳಿಂದ ಆಗ್ತಿದೆಯಾ? ಯಾರನ್ನ ಕೇಳಬೇಕು? ಅಪ್ಪಾಜಿಗೆ ಹೇಗೆ ಹೇಳಬೇಕು?

ಬಳ್ಳಾರಿ_ಕೋಟೆ

ಮೇಡಂ, ನಿಮ್ಮ ಅಣ್ಣ ಹೇಳಿದ್ದೇ ಸರಿ. 70 ದಾಟಿದ ಮೇಲೆ ಕಾರು ಬೇಡ. ನಾಳೆ ಯಾರದೋ ಮನೆ ಮಗು ಅಡ್ಡ ಬಂದರೆ ಯಾರು ಹೊಣೆ? ಡ್ರೈವರ್ ಇಟ್ಟುಕೊಳ್ಳಿ, ಇಲ್ಲಾ ಬಸ್ಸಿಗೆ ಕಳಿಸಿ.

ಸಿಂಧನೂರು ಮೆಡಿಕಲ್

ಮೇಡಂ, ನಾನು ಸಿಂಧನೂರಲ್ಲಿ ಔಷಧಿ ಅಂಗಡಿ ನಡೆಸ್ತೀನಿ, ಫಾರ್ಮಸಿ ಓದಿದವನು. ಡಾಕ್ಟರ್ ಅಲ್ಲ. ಆದ್ದರಿಂದ ನಾನು ಬರೆಯೋದನ್ನ ನೋಡಿ ಮನೇಲೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಇದನ್ನ ಮೊದಲೇ ಹೇಳೋಕೆ ಕಾರಣ ಇದೆ. ಕ್ಲೋನಾಜೆಪಾಮ್ ಬಹಳ ದಿನ ತಗೊಂಡವರು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಅಟೆನೊಲಾಲ್ ಥಟ್ಟನೆ ಬಿಟ್ಟರೆ ಹೃದಯಕ್ಕೆ ಅಪಾಯ. ಎರಡನ್ನೂ ಇಳಿಸೋದಾದರೆ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಸಬೇಕು, ಅದೂ ಡಾಕ್ಟರ್ ಕೈಯಲ್ಲಿ.

ನಿಮ್ಮ ಬರಹದಲ್ಲಿ ನನಗೆ ಎದ್ದು ಕಂಡಿದ್ದು ವೇಳೆ. ಒಂದು ಆಗಿದ್ದು ಬೆಳಗ್ಗೆ ಏಳೂವರೆಗೆ, ಇನ್ನೊಂದು ಮಧ್ಯಾಹ್ನ ಬರಿಹೊಟ್ಟೇಲಿ. ಇವೆರಡೂ ಒಂದೇ ತೊಂದರೆ ಅಂತ ನನಗೆ ಅನ್ನಿಸ್ತಿಲ್ಲ, ಎರಡರ ಮೂಲ ಬೇರೆ ಬೇರೆ.

ಬೆಳಗ್ಗಿನದು ತಗೊಳ್ಳಿ. ಕ್ಲೋನಾಜೆಪಾಮ್ ರಾತ್ರಿ ತಗೊಂಡರೆ ಬೆಳಗ್ಗೆ ಹೊತ್ತಿಗೆ ಮುಗಿದುಹೋಯ್ತು ಅಂತ ಜನ ತಿಳ್ಕೊಂಡಿರ್ತಾರೆ. ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ 30ರಿಂದ 40 ಗಂಟೆ ಬೇಕು. ಅಂದ್ರೆ ಇವತ್ತಿನದು ಪೂರ್ತಿ ಇಳಿಯೋ ಮೊದಲೇ ನಾಳೆಯದು ಹೊಟ್ಟೆಗೆ ಹೋಗಿರುತ್ತೆ. ಅದರ ಮೇಲೆ ಪ್ರಿಗ್ಯಾಬಲಿನ್ ಡಬಲ್ ಆಗಿದೆ. ಅದಕ್ಕೂ ತಲೆ ತಿರುಗೋದು, ಮಂಪರು, ಕೆಲವರಿಗೆ ಕಣ್ಣು ಮಂಜಾಗೋದು ಇದ್ದದ್ದೇ. ಪ್ರಿಗ್ಯಾಬಲಿನ್ ಹೊರಗೆ ಹೋಗೋದು ಕಿಡ್ನಿ ಮೂಲಕ. ಈ ವಯಸ್ಸಿಗೆ ಕಿಡ್ನಿ ನಿಧಾನ ಆಗಿರುತ್ತೆ, ಶುಗರ್ ಇದ್ದವರಿಗೆ ಇನ್ನೂ ನಿಧಾನ. ಹಾಗಾಗಿ ಅಪ್ಪಾಜಿಯ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತಪರೀಕ್ಷೆ) ಎಷ್ಟಿದೆ ಅಂತ ನೋಡದೆ ಡೋಸ್ ಏರಿಸೋ ಹಾಗಿಲ್ಲ. ಎರಡೂ ಸೇರಿದಾಗ ಆಗೋದು ನಿದ್ದೆ ಅಲ್ಲ, ಅವ್ವಾವರು ಕಂಡದ್ದೇ ಅದು: ಕಣ್ಣು ತೆರೆದಿರುತ್ತೆ, ಮಿದುಳು ಒಂದು ಕ್ಷಣ ಹಿಂದೆ ಉಳಿದಿರುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡ್ ತಡ ಆದರೆ ಕಾರು ಸುಮಾರು 17 ಮೀಟರ್ ಮುಂದೆ ಹೋಗಿಬಿಟ್ಟಿರುತ್ತೆ.

ಇದು ಬರೀ ನನ್ನ ಊಹೆ ಅಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ 67ರಿಂದ 84 ವಯಸ್ಸಿನ ಚಾಲಕರ ದಾಖಲೆ ತೆಗೆದು ಮಾಡಿದ ಅಧ್ಯಯನ 1997ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೇಲಿ ಬಂದಿದೆ. ಕ್ಲೋನಾಜೆಪಾಮ್ ಗುಂಪಿನ ಗುಳಿಗೆಗಳಲ್ಲಿ ಮೈಯಲ್ಲಿ ಬಹಳ ಹೊತ್ತು ಉಳಿಯೋ ಜಾತಿಯನ್ನ ಶುರು ಮಾಡಿದ ಮೊದಲ ವಾರ ಅಪಘಾತ ಶೇ. 45ರಷ್ಟು ಹೆಚ್ಚು ಕಂಡವು. ಬೇಗ ಇಳಿಯೋ ಜಾತಿಯಲ್ಲಿ ಆ ಏರಿಕೆ ಕಾಣಲಿಲ್ಲ. ಹಾಗಾಗಿ ನಮ್ಮ ಅಂಗಡಿಗೆ ಬರೋ ಹಿರಿಯರಿಗೆ ಹೇಳೋದು ಇದನ್ನೇ: ಹೊಸ ಗುಳಿಗೆ ಶುರುವಾದ ದಿನಗಳು, ಡೋಸ್ ಏರಿಸಿದ ದಿನಗಳು, ಇವು ಗಾಡಿ ಮುಟ್ಟಬಾರದ ದಿನಗಳು. ವಯಸ್ಸು 71 ಆದದ್ದು ಒಂದೇ ರಾತ್ರೀಲಿ ಅಲ್ಲ, ಪ್ರಿಗ್ಯಾಬಲಿನ್ 150 ಆದದ್ದು ಮಾತ್ರ ಒಂದೇ ರಾತ್ರೀಲಿ.

ಮಧ್ಯಾಹ್ನದ್ದು ಓದಿದ ಕೂಡಲೇ ನನಗೆ ಹೊಳೆದದ್ದು ಶುಗರ್ ಇಳಿದಿದೆ ಅಂತ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಶುಗರ್ ಅಷ್ಟು ಕೆಳಗೆ ಬೀಳೋದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಹೊಟ್ಟೇಲಿ ಊಟ ಇರಲಿ ಬಿಡಲಿ ಅದು ಇನ್ಸುಲಿನ್ ಬಿಡಿಸ್ತಾನೇ ಇರುತ್ತೆ. ಉಪವಾಸದ ಸೋಮವಾರ ಬೆಳಗ್ಗೆ ಗುಳಿಗೆ ನುಂಗಿ, ಏನೂ ತಿನ್ನದೆ, ಬಿಸಿಲಲ್ಲಿ ಗದ್ದೆ ಸುತ್ತಿದರೆ 70ಕ್ಕಿಂತ ಕೆಳಗೆ ಹೋಗೋದು ಸುಲಭ. ಸಿಹಿ ಚಹಾ ಕುಡಿದ ಮೇಲೆ ಸರಿಹೋದರು ಅಂದಿರಲ್ಲ, ಅದೂ ಈ ಕಡೆಗೇ ಬೆರಳು ಮಾಡ್ತಿದೆ. ಆ ಹುಡುಗನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಇಲ್ಲಿ ಅಟೆನೊಲಾಲ್ ಕೂಡ ಸೇರಿಕೊಳ್ಳುತ್ತೆ. ಶುಗರ್ ಇಳಿದಾಗ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ. ಅದೇ ನಮಗೆ ಸಿಗೋ ಮುನ್ಸೂಚನೆ. ಅಟೆನೊಲಾಲ್ ಜಾತಿಯ ಗುಳಿಗೆಗಳು ಆ ಎರಡನ್ನೂ ಮುಚ್ಚಿಹಾಕಬಹುದು. ಬೆವರು ಮಾತ್ರ ಉಳಿಯುತ್ತೆ. ಬಿಸಿಲಲ್ಲಿ ಗದ್ದೆಯಿಂದ ಬರೋ ಮನುಷ್ಯ ಬೆವರಿದರೆ ಅದನ್ನ ಯಾರು ಲೆಕ್ಕಕ್ಕಿಡ್ತಾರೆ?

ನೆಗಡಿ ಗುಳಿಗೆ ಬಗ್ಗೆ ನೀವು ಕೊನೇಲಿ ಒಂದು ಸಾಲು ಬರೆದು ಬಿಟ್ಟಿದ್ದೀರಿ, ನನಗೆ ಅದೇ ಹೆಚ್ಚು ಚಿಂತೆ. ಅಂಥ ಗುಳಿಗೆಗಳಲ್ಲಿ ಬಹಳಷ್ಟಕ್ಕೆ ಕ್ಲೋರ್‌ಫೆನಿರಮಿನ್ ಹಾಕಿರ್ತಾರೆ. ಹಳೇ ಕಾಲದ ಅಲರ್ಜಿ ಔಷಧಿ ಅದು, ಜೋಂಪು ಹತ್ತಿಸುತ್ತೆ. ಅಮೆರಿಕದ ಹಿರಿಯರ ವೈದ್ಯರ ಸಂಘದ ಬಿಯರ್ಸ್ ಪಟ್ಟಿ ಅಂತ ಇದೆ, 65 ದಾಟಿದವರಿಗೆ ಯಾವ ಔಷಧಿ ಆದಷ್ಟು ಬೇಡ ಅನ್ನೋದು ಅದರಲ್ಲಿರುತ್ತೆ, 2023ರಲ್ಲಿ ಪರಿಷ್ಕರಿಸಿದ್ದಾರೆ. ಕ್ಲೋರ್‌ಫೆನಿರಮಿನ್, ಕ್ಲೋನಾಜೆಪಾಮ್ ಎರಡೂ ಅದರಲ್ಲಿವೆ. ಅಪ್ಪಾಜಿಗೆ ಮೂತ್ರದ ತೊಂದರೆ ಬೇರೆ ಇದೆ. ಈ ನೆಗಡಿ ಗುಳಿಗೆಯಿಂದ ಮೂತ್ರ ಕಟ್ಟಿಕೊಳ್ಳೋದೂ ಉಂಟು. ಕಿರಾಣಿ ಅಂಗಡಿಯಿಂದ ತರೋದನ್ನ ಇವತ್ತೇ ನಿಲ್ಲಿಸಿ. ಯಾರೂ ಬರೆದುಕೊಟ್ಟ ಗುಳಿಗೆ ಅಲ್ಲ ಅದು, ಬಿಡೋಕೆ ಯಾರನ್ನೂ ಕೇಳಬೇಕಿಲ್ಲ. ನೆಗಡಿ ಬಂದರೆ ಮೆಡಿಕಲ್‌ನಲ್ಲಿ "ಗಾಡಿ ಓಡಿಸೋರು, ಪ್ರಾಸ್ಟೇಟ್ (ಮೂತ್ರದ) ತೊಂದರೆ ಇದೆ, ಬಿಪಿ ಇದೆ" ಅಂತ ಮೂರೂ ಹೇಳಿ ಕೇಳಿ.

ಈಗ ಮಾಡಬೇಕಾದ್ದು ಇಷ್ಟು. ಮನೇಲಿರೋ ಗುಳಿಗೆ ಎಲ್ಲಾ, ಅರ್ಧ ಕತ್ತರಿಸಿದ ಸ್ಟ್ರಿಪ್ ಸಮೇತ, ಮೂವರು ಡಾಕ್ಟರ ಚೀಟಿ ಸಮೇತ ಒಂದು ಚೀಲಕ್ಕೆ ಹಾಕಿ. ಮೂವರ ಹತ್ತಿರ ಓಡಾಡಬೇಡಿ, ಒಬ್ಬರ ಮುಂದೆ ಸುರಿಯಿರಿ. ಶುಗರ್ ನೋಡೋರು ಫಿಸಿಷಿಯನ್ ಆದರೆ ಅವರೇ ಸಾಕು. "ಅಪ್ಪಾಜಿ ಗಾಡಿ ಓಡಿಸ್ತಾರೆ" ಅಂತ ಬಾಯಿಬಿಟ್ಟು ಹೇಳಿ. 71ರ ಮನುಷ್ಯ ಕಾರು ಓಡಿಸ್ತಾರೆ ಅಂತ ಡಾಕ್ಟ್ರಿಗೆ ತಾನಾಗೇ ಹೊಳೆಯೋದಿಲ್ಲ, ನಾವು ಹೇಳದಿದ್ದರೆ ಅವರು ಕೇಳೋದೂ ಇಲ್ಲ. ಎರಡೂ ಘಟನೆ ನಡೆದ ವೇಳೆ, ಅವತ್ತು ಏನು ತಿಂದಿದ್ದರು, ಯಾವ ಗುಳಿಗೆ ಯಾವಾಗ ನುಂಗಿದ್ದರು ಅಂತ ಒಂದು ಹಾಳೇಲಿ ಬರಕೊಂಡು ಹೋಗಿ. ಅಲ್ಲಿವರೆಗೆ ಕಾರು, ಎಕ್ಸೆಲ್ ಎರಡೂ ಬೇಡ.

ಬಳ್ಳಾರಿ_ಕೋಟೆ ಸರ್, ನಿಮ್ಮ ಕಾಳಜಿ ಸರಿಯಾದ್ದೇ. ಆದರೆ 71 ಅನ್ನೋ ಅಂಕಿ ನೋಡಿ ಕೀಲಿ ಇಸಕೊಂಡರೆ ಡಬ್ಬಿಯೊಳಗಿನ ತೊಂದರೆ ಹಾಗೇ ಉಳಿಯುತ್ತೆ. ಇಷ್ಟೇ ಗುಳಿಗೆ ನುಂಗೋ 45ರವರೂ ನಮ್ಮ ಅಂಗಡಿಗೆ ಬೈಕಲ್ಲೇ ಬರ್ತಾರೆ.

ರಾಯಚೂರು_ಸ್ಟೇರಿಂಗ್

ತಂಗಿ, ನಾ ರಾಯಚೂರಿನವ, ಸಾರಿಗೆ ಬಸ್ ಓಡಿಸಿ ರಿಟೈರ್ ಆಗೀನಿ. ಲಿಂಗಸುಗೂರು, ಮುದಗಲ್, ಹುಬ್ಬಳ್ಳಿ ಕಡಿ ಭಾಳ ಓಡಿಸೀನಿ. ಈಗ 68. ಮೆಡಿಕಲ್‌ನೋರು ಹೇಳಿದ್ದು ಖರೇ ಐತಿ. ಡ್ಯೂಟಿ ಹತ್ತೂ ಮುಂದ ನಮಗ ಬಾಯಿ ವಾಸನಿ ನೋಡತಿದ್ರು. ಕುಡದಾನೋ ಇಲ್ಲೋ ಅಂತ ತಿಳೀತಿತ್ತು. ಗುಳಿಗಿಗೆ ವಾಸನಿ ಇರೂದಿಲ್ಲಲ್ಲ.

ನಿಮ್ಮಪ್ಪಾರಿಗೆ "ವಯಸ್ಸಾತು, ಬಿಡ್ರಿ" ಅಂತ ಮಾತ್ರ ಅನಬ್ಯಾಡ್ರಿ. ಜೀವಮಾನ ಇಡೀ ಗಾಡಿ ಹಿಡದ ಕೈಗೆ ಆ ಮಾತು ಭಾಳ ನಾಟತದ. "ನಿಮ್ಮ ಕೈ ಚಲೋ ಐತಿ, ಗುಳಿಗಿ ಹೊಂದಾಣಿಕಿ ಆಗವಲ್ದು, ಡಾಕ್ಟ್ರು ಸರಿ ಮಾಡೋತನಕ ಬ್ಯಾಡ" ಅನ್ರಿ. ಸುಳ್ಳೇನೂ ಅಲ್ಲ ಅದು. ಮಗಳು ಹೇಳೂದಕ್ಕಿಂತ ಡಾಕ್ಟ್ರು ಚೀಟಿ ಮ್ಯಾಲೆ ಬರದು ಕೊಟ್ರ ಇನ್ನೂ ಚಲೋ. ಚೀಟಿಗೆ ಗಂಡಸ್ರು ತಲಿ ಬಾಗಸ್ತೀವಿ.

ನಂದ ಹೇಳತೀನಿ. ನನಗೂ ರಾತ್ರಿ ಮೂತ್ರದ ಗುಳಿಗಿ ಅದಾವ. ಮುಂಜಾನಿ ಹಾಸಿಗಿ ಬಿಟ್ಟು ಗಕ್ಕನ ಎದ್ರ ಕಣ್ಣಿಗಿ ಕತ್ತಲಿ ಬರತಿತ್ತು. ಡಾಕ್ಟ್ರು ಹೇಳಿದ ಮ್ಯಾಲೆ ಈಗ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮ್ಯಾಲ ಏಳ್ತೀನಿ. ಕಾರು ಹಗಲಿ ಮಾತ್ರ. ದೀಪ ಹಚ್ಚೂ ಹೊತ್ತಿಗೆ ಗಾಡಿ ಮನಿ ಮುಂದ ಇರಬೇಕು. ನಿಮ್ಮ ಕಡಿ ಭತ್ತದ ಸುಗ್ಗಿ ಬಂತಂದ್ರ ಸಂಜಿಮುಂದ ಹುಲ್ಲು ಹೇರಿದ ಟ್ರ್ಯಾಕ್ಟರ್ ಅದಾವ, ಹಿಂದ ಲೈಟೇ ಇರೂದಿಲ್ಲ. ಅರ್ಧ ರಸ್ತಾದಾಗ ಭತ್ತ ಒಣಹಾಕಿ ಅಂಚಿಗೆ ಕಲ್ಲು ಇಟ್ಟಿರತಾರ. ಚುರುಕು ಕಣ್ಣಿನವರಿಗೇ ಆ ಕಲ್ಲು ಗಕ್ಕನ ಕಾಣೂದಿಲ್ಲ, ಗುಳಿಗಿ ಮಂಪರಿನಾಗ ಹೆಂಗ ಕಂಡಾವು? ಆ ದಿನಗಳಾಗ ನಿಮ್ಮಪ್ಪಾರಿಗೆ ಸಂಜಿ ಗಾಡಿ ಪೂರಾ ಬಂದ್ ಮಾಡ್ರಿ, ಗುಳಿಗಿ ಸರಿ ಹೋದ ಮ್ಯಾಲೂ.

ಕಣ್ಣಿನ ಪೊರಿ ಆಪರೇಷನ್ ಆಗೇದೇನು ಅವರಿಗೆ? ಕಣ್ಣಿಗಿ ಹನಿ ಹಾಕಿ ಪಾಪಿ ಹಿಗ್ಗಿಸಿ ನೋಡತಾರಲ್ಲ, ಅವತ್ತಂತೂ ಗಾಡಿ ತಾವ ನಡಸ್ಕೊಂಡು ಹೋಗಬಾರದು. ಬಿಸಲು ಕಣ್ಣಿಗಿ ಹೊಡದು ಏನೂ ಕಾಣೂದಿಲ್ಲ.

ಸಿಂಧನೂರು ಮೆಡಿಕಲ್

ರಾಯಚೂರಿನ ಅಣ್ಣಾರು ಪೊರೆ ವಿಷಯ ತೆಗೆದದ್ದು ಒಳ್ಳೇದಾಯ್ತು. ಟ್ಯಾಮ್ಸುಲೋಸಿನ್ ತಗೊಳ್ಳೋರು ಪೊರೆ ಆಪರೇಷನ್‌ಗೆ ಮೊದಲು ಕಣ್ಣಿನ ಡಾಕ್ಟ್ರಿಗೆ ಅದನ್ನ ಹೇಳಲೇಬೇಕು. ಆ ಗುಳಿಗೆಯಿಂದ ಪಾಪೆ ಸಡಿಲವಾಗಿ ಆಪರೇಷನ್ ಹೊತ್ತಲ್ಲಿ ತೊಂದರೆ ಕೊಡುತ್ತೆ. ಮೊದಲೇ ಗೊತ್ತಿದ್ದರೆ ಅವರು ಬೇಕಾದ ತಯಾರಿ ಮಾಡ್ಕೋತಾರೆ. ಗುಳಿಗೆ ಬಿಟ್ಟರೂ ಪರಿಣಾಮ ಉಳಿದಿರಬಹುದು, ಹಿಂದೆ ತಗೊಂಡಿದ್ದರೂ ಹೇಳಿ.

ಲೈಸೆನ್ಸ್_ಕೆಲಸ_ಬಳ್ಳಾರಿ

ಕಾನೂನಿನದ್ದು ನಾನು ಹೇಳ್ತೀನಿ. 70 ದಾಟಿದರೆ ಓಡಿಸಬಾರದು ಅನ್ನೋ ಕಾನೂನು ನಮ್ಮಲ್ಲಿಲ್ಲ. 2019ರ ತಿದ್ದುಪಡಿ ಪ್ರಕಾರ 55 ದಾಟಿದವರಿಗೆ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣ, ಜೊತೆಗೆ ಡಾಕ್ಟರ್ ಸಹಿ ಮಾಡಿದ ಫಾರಂ 1ಎ. ಮೊದಲು ಅಪ್ಪಾಜಿ ಲೈಸೆನ್ಸಿನ ತಾರೀಖು ನೋಡಿ, ಬಹಳ ಮನೆಗಳಲ್ಲಿ ಅದು ಮುಗಿದೇ ಹೋಗಿರುತ್ತೆ.

ನಾವೇ ತುಂಬೋ ಫಾರಂ 1ರಲ್ಲಿ ಮೂರ್ಛೆ, ಪ್ರಜ್ಞೆ ತಪ್ಪೋದು, ಯಾವುದೇ ಕಾರಣದಿಂದ ತಲೆಸುತ್ತು ಬರೋದು ಇದೆಯಾ ಅಂತ ಕೇಳ್ತಾರೆ. 25 ಮೀಟರ್ ದೂರದಿಂದ ಹಗಲಲ್ಲಿ ಕಾರಿನ ನಂಬರ್ ಪ್ಲೇಟ್ ಗುರುತಿಸ್ತೀರಾ ಅಂತಲೂ ಇದೆ. ಈ ಎರಡನೇದನ್ನ ಮನೆ ಅಂಗಳದಲ್ಲೇ ನೋಡಬಹುದು.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ 185ನೇ ಕಲಂ ಅಂದರೆ ಎಲ್ಲರೂ ಕುಡಿದು ಓಡಿಸೋದು ಅಂತಷ್ಟೇ ತಿಳಿದಿದ್ದಾರೆ. ಗಾಡಿ ಹಿಡಿತ ತಪ್ಪುವಷ್ಟು ಮದ್ದಿನ ಅಮಲಿನಲ್ಲಿದ್ದರೂ ಅದೇ ಕಲಂ. ದೇಹಸ್ಥಿತಿ ಸರಿಯಿಲ್ಲ ಅಂತ ಗೊತ್ತಿದ್ದೂ ಓಡಿಸಿದರೆ 186, ಮೊದಲ ಸಲ 1000 ರೂಪಾಯಿವರೆಗೆ ದಂಡ. ದಂಡಕ್ಕೆ ಹೆದರಿ ಅಂತ ಹೇಳ್ತಿಲ್ಲ. ಎರಡು ಘಟನೆ ಆಗಿ ಮನೆಯವರಿಗೆಲ್ಲ ತಿಳಿದ ಮೇಲೆ "ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ.

ಕೊಪ್ಪಳದ ಟೀಚರ್

ಎಲ್ಲರಿಗೂ ಕೈಮುಗೀತೀನಿ. ಚೀಲ ತುಂಬಿಕೊಂಡು ಗಂಗಾವತಿಗೆ ಹೋಗಿ ಬಂದ್ವಿ. ಡಾಕ್ಟ್ರು ಪ್ರತಿ ಸ್ಟ್ರಿಪ್ ಕೈಗೆ ತಗೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಪ್ಪಾಜಿ ಕಾರು ಓಡಿಸ್ತಾರೆ ಅಂತ ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕ್ರಿಯಾಟಿನಿನ್ ಸ್ವಲ್ಪ ಹೆಚ್ಚಿದೆ. ಪ್ರಿಗ್ಯಾಬಲಿನ್ ಮತ್ತೆ 75ಕ್ಕೆ ಇಳಿಸಿದ್ದಾರೆ. ರಾತ್ರಿ ಗ್ಲಿಮೆಪಿರೈಡ್ ತೆಗೆದು ಮೆಟ್‌ಫಾರ್ಮಿನ್ ಒಂದೇ ಇಟ್ಟಿದ್ದಾರೆ, ಬೆಳಗ್ಗಿನದು 1 ಎಂಜಿ. ಕ್ಲೋನಾಜೆಪಾಮ್ ನಿಧಾನಕ್ಕೆ ಇಳಿಸೋಕೆ ಹಾಳೆ ಬರೆದುಕೊಟ್ಟಿದ್ದಾರೆ. ರಾಯಚೂರಿನ ಅಣ್ಣಾರು ಹೇಳಿದ ಹಾಗೆ ಚೀಟಿ ಮೇಲೆ "ಮುಂದಿನ ತಪಾಸಣೆವರೆಗೆ ವಾಹನ ಚಾಲನೆ ಬೇಡ" ಅಂತ ಬರೆಸಿಕೊಂಡೆ. ಅಪ್ಪಾಜಿ ಅದನ್ನ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ ಜೇಬಲ್ಲಿಟ್ಟುಕೊಂಡರು, ಜಗಳ ಆಗಲಿಲ್ಲ. ಆದರೆ "ಎಕ್ಸೆಲ್ ವಾಹನ ಅಲ್ಲ, ಹೊಲಕ್ಕಷ್ಟೇ" ಅಂತಿದ್ದಾರೆ. ಅದಕ್ಕೇನು ಹೇಳಲಿ? ಮತ್ತೆ ಕಾರು ಶುರು ಮಾಡಿದಾಗ ನಾವು ಏನು ಗಮನಿಸಬೇಕು?

ಸಿಂಧನೂರು ಮೆಡಿಕಲ್

ಎಕ್ಸೆಲ್ ಖಂಡಿತಾ ಬೇಡ ಮೇಡಂ. ಕಾರಲ್ಲಿ ಅವ್ವ ಪಕ್ಕದಲ್ಲಿದ್ದರು, ಕೂಗಿದರು. ಕಾಲುವೆ ಏರಿ ಮೇಲೆ ಒಬ್ಬರೇ ಇರ್ತಾರೆ, ಒಂದು ಕಡೆ ನೀರು. ಎರಡರಲ್ಲಿ ಹೆಚ್ಚು ಅಪಾಯ ಅದೇ. ಆ ಗದ್ದೆ ಹುಡುಗನ್ನ ಕೇಳಿ, ಕೆಲವು ವಾರ ಹಿಂದೆ ಕೂರಿಸಿಕೊಂಡು ಹೋಗಿಬರಲಿ. ಅಪ್ಪಾಜಿ ಗದ್ದೆಗೆ ಹೋಗೋದು ಮಾತ್ರ ತಪ್ಪಿಸಬೇಡಿ.

ಕ್ಲೋನಾಜೆಪಾಮ್ ಇಳಿಸುವಾಗ ಕೆಲವು ರಾತ್ರಿ ನಿದ್ದೆ ಕೆಡುತ್ತೆ. ನಿದ್ದೆಗೆಟ್ಟ ಮನುಷ್ಯನೂ ಗಾಡಿಗೆ ತಕ್ಕವನಲ್ಲ, ಅದಕ್ಕೇ ಡಾಕ್ಟ್ರು ಅಷ್ಟು ದಿನ ಬೇಡ ಅಂದಿರೋದು. ಆಗ "ಹಳೇ ಗುಳಿಗೆ ಒಂದು ಕೊಡು" ಅಂತ ಅವ್ವನ್ನ ಕೇಳಿಯೇ ಕೇಳ್ತಾರೆ. ಹೆಚ್ಚಿನ ಸ್ಟ್ರಿಪ್ ಮನೇಲಿಡಬೇಡಿ.

ಡಾಕ್ಟ್ರು ಒಪ್ಪಿದ ಮೇಲೆ ಮೊದಲು ಊರಿನ ರಸ್ತೇಲಿ, ಹೊಟ್ಟೆ ತುಂಬಾ ತಿಂದು, ಹತ್ತು ಗಂಟೆ ಮೇಲೆ ಓಡಿಸಲಿ. ಪಕ್ಕದಲ್ಲಿ ಗಾಡಿ ಓಡಿಸೋಕೆ ಬರೋರು ಯಾರಾದರೂ ಕೂತಿರಲಿ. ಕಾರು ಒಂದೇ ಕಡೆ ಸರಿಯುತ್ತಾ, ಬ್ರೇಕ್ ತಡವಾಗಿ ಬೀಳುತ್ತಾ, ಗೊತ್ತಿರೋ ತಿರುವನ್ನೇ ದಾಟಿ ಹೋಗ್ತಾರಾ, ಹಿಂದಿನಿಂದ ಹಾರ್ನ್ ಬಿದ್ದರೆ ಗಾಬರಿ ಆಗ್ತಾರಾ, ಇಷ್ಟನ್ನ ಮಾತಿಲ್ಲದೆ ನೋಡಿ. ಒಂದು ಕಂಡರೂ ಮತ್ತೆ ಡಾಕ್ಟ್ರ ಹತ್ತಿರ ಹೋಗಿ. ಗುಳಿಗೆ ಎಲ್ಲಾ ಸರಿಹೋದ ಮೇಲೂ ಅದೇ ಕಾಣ್ತಾ ಇದ್ದರೆ ತೊಂದರೆ ಗುಳಿಗೆಯದ್ದಲ್ಲ, ಆಗ ಕಾರು ಬಿಡೋದೇ ಸರಿ.

ಒಂದು ಗ್ಲುಕೋಮೀಟರ್ ಕೊಳ್ಳಿ. ಹೊರಡೋ ಮೊದಲು ಒಂದು ಹನಿ ರಕ್ತ ನೋಡಲಿ. ಬ್ರಿಟನ್ನಿನಲ್ಲಿ ಇಂಥ ಚಾಲಕರಿಗೆ 5 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ತಿಂದೇ ಹೊರಡಿ ಅಂತಾರೆ, ನಮ್ಮ ಮೀಟರಿನಲ್ಲಿ ಅದು 90. ದಾರೀಲಿ ಬೆವರಿದರೆ, ಮಾತು ತಡವರಿಸಿದರೆ ಗಾಡಿ ಪಕ್ಕಕ್ಕೆ ಹಾಕಿ, ಕೀಲಿ ತೆಗೆದು, ಮೂರು ಚಮಚ ಸಕ್ಕರೆ ಇಲ್ಲಾ ಗ್ಲುಕೋಸ್ ಪುಡಿ ನೀರಲ್ಲಿ ಕಲಸಿ ಕುಡೀಬೇಕು. ಚಾಕೊಲೇಟ್ ಬೇಡ, ಅದರ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಶುಗರ್ ಸರಿಹೋದ ಮೇಲೂ 45 ನಿಮಿಷ ಕಳೆಯದೆ ಸ್ಟೇರಿಂಗ್ ಹಿಡಿಯೋ ಹಾಗಿಲ್ಲ. ಮೀಟರಿನಲ್ಲಿ ಅಂಕಿ ಏರಿದರೂ ತಲೆ ತಿಳಿಯಾಗೋಕೆ ಅಷ್ಟು ಹೊತ್ತು ಬೇಕು.

ಉಪವಾಸದ ಸೋಮವಾರ ಬೆಳಗ್ಗಿನ 1 ಎಂಜಿ ಏನು ಮಾಡಬೇಕು ಅಂತ ಡಾಕ್ಟ್ರನ್ನ ಕೇಳಿದ್ದೀರಾ? ಕೇಳಿಲ್ಲದಿದ್ದರೆ ಮುಂದಿನ ಸೋಮವಾರದೊಳಗೆ ಫೋನ್ ಮಾಡಿ ಕೇಳಿ, ಉತ್ತರವನ್ನ ಅದೇ ಚೀಟಿ ಹಿಂದೆ ಬರೆದಿಡಿ.